ಹುಲಿಗೆಮ್ಮನನ್ನು ಬಳ್ಳಾರಿಗೆ ಕರೆತಂದ ವರ್ಷ

ಮೊನ್ನೆ ಬಳ್ಳಾರಿ ಬಸ್ ಸ್ಟ್ಯಾಂಡಿನ ಹೊರಗೆ ಒಬ್ಬ ಹೆಂಗಸು ಕೆಂಡದ ಮೇಲೆ ತೆನೆ ಸುಡುತ್ತಿದ್ದಳು. ಮೆಕ್ಕೆಜೋಳ ಅಲ್ಲ, ಅದನ್ನು ಈಗ ಸಂದಿಗೊಂದಿಯಲ್ಲೂ ಸುಡುತ್ತಾರೆ. ಇದು ಬಿಳಿಜೋಳ, ಇನ್ನೂ ಹಾಲುಗಾಳು ಇರುವಾಗ ಕೊಯ್ದು ತಂದ ತೆನೆ. ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಬಿಸಿಬಿಸಿ ಬಾಯಿಗೆ ಹಾಕಿಕೊಳ್ಳುವ ಸೀತನಿ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹತ್ತಬೇಕಾದ ಆಟೋ ಬಿಟ್ಟು ಅಲ್ಲೇ ನಿಂತುಬಿಟ್ಟೆ. ಆಟೋದವನು "ಬರ್ತಿಯೇನವ್ವ, ಇಲ್ಲೇ ಇರ್ತಿಯಾ?" ಎಂದು ಗೊಣಗಿದ. "ನೀ ಹೋಗಪ್ಪ, ನನಗೇನು ಸಾಲಿ ಗಂಟಿ ಬಾರಿಸೋದೈತಾ" ಎಂದೆ. ನಿವೃತ್ತಿಯಾಗಿ ಎಷ್ಟೋ ಕಾಲವಾದ ಮೇಲೆ ಹೀಗೆ ಹೇಳುವುದರಲ್ಲಿ ಒಂದು ಸುಖವಿದೆ.

ನಿಂತಲ್ಲೇ ನನಗೆ ಕುರುಗೋಡು ನೆನಪಾಯಿತು. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಜೂನಿಂದ ಜೂನಿಗೆ, ಸರಿಯಾಗಿ ಒಂದು ಸುತ್ತು.

ನಾನು ಆಗಷ್ಟೇ ಬಿ.ಎಡ್. ಮುಗಿಸಿ ಗಣಿತದ ಟೀಚರಾಗಿ ಕುರುಗೋಡಿನ ಒಂದು ಹೈಸ್ಕೂಲಿಗೆ ಸೇರಿದ್ದೆ. ನಮ್ಮ ಮನೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಬಸ್ಸೆಂದರೆ ಏನು ಬಸ್ಸು! ಒಳಗೆ ಜನ, ಮೇಲೆ ಹತ್ತಿಯ ಅಂಡಿಗೆ, ಕಾಲಡಿ ಕೋಳಿ. ಸೀರೆಯ ನೆರಿಗೆ ಕುರುಗೋಡು ಮುಟ್ಟುವಷ್ಟರಲ್ಲಿ ಮುದ್ದೆಯಾಗಿರುತ್ತಿತ್ತು. ಇಳಿದರೆ ಎದುರಿಗೆ ಬಂಡೆಯ ಗುಡ್ಡ, ಮೇಲೆ ಬಿಸಿಲು. ಆ ಗುಡ್ಡ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅದನ್ನು ನಮ್ಮ ಮೇಲೆ ಉಗುಳುತ್ತಿತ್ತು. ಮೊದಲ ವಾರ ದಿನಾ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಎರಡನೆಯ ವಾರ ಹೆಡ್ ಮಾಸ್ತರು ಕರೆದರು. ಬಿಳಿ ಧೋತರ, ಕೋಟು, ಮೂಗಿನ ತುದಿಯಲ್ಲಿ ಕನ್ನಡಕ, ದೊಡ್ಡ ಮನಸ್ಸಿನ ಮನುಷ್ಯ. ಮೇಜಿನ ಮೇಲೆ ಒಂದು ಸೀಟಿ ಇಟ್ಟು ನನ್ನ ಕಡೆ ತಳ್ಳಿದರು.

"ವಿಶಾಲಮ್ಮಾರ, ಹೆಣ್ಣುಮಕ್ಕಳ ಆಟ ನೀವೇ ನೋಡಿಕೋಬೇಕ್ರಿ."

"ನಾನಾ? ಸಾರ್, ನನಗೆ ಆಟ ಅಂದ್ರ ಚೌಕಾಬಾರ ಒಂದೇ ಬರೋದು. ಅದೂ ನಮ್ಮ ಅಜ್ಜಿ ಜೋಡಿ ಸೋಲ್ತೀನಿ."

"ಡ್ರಿಲ್ ಮಾಸ್ತರಿಗೆ ಹೆಣ್ಣುಮಕ್ಕಳನ್ನ ಓಡಿಸು ಅಂದ್ರ ತಾವೇ ಮೊದಲು ಓಡಿ ಹೋಗ್ತಾರ. ನಾಚಿಕಿ ಮನಷ್ಯ. ನೀವು ಬಾಯಿ ಇದ್ದವರು. ಸೀಟಿ ಊದಾಕ ಬಾಯಿ ಇದ್ರ ಸಾಕು, ತಗೋರಿ."

ಬಾಯಿ ಇದೆ ಅನ್ನುವುದನ್ನು ಹೊಗಳಿಕೆ ಎಂದು ತಿಳಿದುಕೊಂಡು ಸೀಟಿ ತೆಗೆದುಕೊಂಡೆ. ಆಟದ ಸಾಮಾನು ಎಲ್ಲಿ ಎಂದು ಕೇಳಿದರೆ ಜವಾನ ಒಂದು ಕತ್ತಲೆ ಕೋಣೆ ತೋರಿಸಿದ. ಗಾಳಿ ಹೋದ ಎರಡು ಚೆಂಡು, ಹರಿದ ಬಲೆ, ಗೆದ್ದಲು ಅರ್ಧ ತಿಂದ ಒಂದು ಚಿತ್ರದ ಪುಸ್ತಕ. ಆ ಪುಸ್ತಕದಲ್ಲಿ ಓಟ, ಜಿಗಿತ, ಎಸೆತ ಹೇಗೆ ಮಾಡಬೇಕು ಅಂತ ಹೆಜ್ಜೆಹೆಜ್ಜೆಗೂ ಚಿತ್ರ ಇತ್ತು. "ಡಿಸ್ಕಸ್ ಒಂದು ಇದ್ದಂಗ ಐತಲ್ಲ, ಸಾಮಾನಿನ ಪಟ್ಟಿಯೊಳಗ ಬರದೈತಿ?" ಎಂದು ಕೇಳಿದೆ. ಜವಾನ ತಲೆ ಕೆರೆದುಕೊಂಡು ಆಫೀಸಿಗೆ ಹೋಗಿ, ಕುಡಿಯುವ ನೀರಿನ ಗಡಿಗೆಯ ಮೇಲಿದ್ದ ಮುಚ್ಚಳ ಎತ್ತಿಕೊಂಡು ಬಂದ. ಕಬ್ಬಿಣದ ಅಂಚಿನ ಮರದ ತಟ್ಟೆ. ನಮ್ಮ ಶಾಲೆಯ ಡಿಸ್ಕಸ್ ಯಾವ ಕಾಲದಿಂದಲೋ ಹೆಡ್ ಮಾಸ್ತರ ನೀರಿಗೆ ಧೂಳು ಬೀಳದಂತೆ ಕಾಯುತ್ತಿತ್ತು.

ಹುಲಿಗೆಮ್ಮ ಹತ್ತನೆಯ ತರಗತಿಯ ಹುಡುಗಿ. ಕೊನೆಯ ಬೆಂಚು. ಎತ್ತರದ ಆಳು, ಉದ್ದನೆಯ ಕೈ, ಮಾತು ಕಡಿಮೆ. ಗಣಿತ ಅವಳಿಗೂ ಬೇಡ, ಗಣಿತಕ್ಕೂ ಅವಳು ಬೇಡ. ದಸರೆ ಹತ್ತಿರ ಬಂದಾಗ ಅವಳು ಶಾಲೆಗೆ ಬರುವುದನ್ನೇ ಬಿಟ್ಟಳು. ಮೂರು ದಿನ ನೋಡಿದೆ, ವಾರ ನೋಡಿದೆ. ಕೇಳಿದರೆ ಹುಡುಗಿಯರು "ಹಕ್ಕಿ ಕಾಯಾಕ ಹೋಗ್ಯಾಳ್ರಿ" ಎಂದರು. ನನಗೆ ರೇಗಿತು. ಹತ್ತನೆಯ ತರಗತಿ, ಮುಂದೆ ಪರೀಕ್ಷೆ, ಇವಳು ಹಕ್ಕಿ ಕಾಯುವುದಂತೆ! ಸಂಜೆಯ ಬಸ್ಸು ಬಿಟ್ಟರೂ ಬಿಡಲಿ ಎಂದು ಊರ ಹೊರಗಿನ ಅವರ ಹೊಲದ ದಾರಿ ಹಿಡಿದೆ.

ಎರೆಹೊಲ. ಆಳೆತ್ತರ ಜೋಳ. ತೆನೆ ತುಂಬ ಹಾಲು. ದಾರಿ ಸುತ್ತಾಗುತ್ತದೆಂದು ನಾನು ಬದುವಿನ ಮೇಲೆ ಅಡ್ಡ ಹಾಯ್ದೆ. ಅಷ್ಟರಲ್ಲಿ ಎತ್ತರದಿಂದ ಒಂದು ಕೂಗು ಬಂತು.

"ಹೋ…ಯ್! ಯಾರದೀರಿ ಬೆಳಿಯಾಗ?"

ನೋಡಿದರೆ ಹೊಲದ ನಡುವೆ ನಾಲ್ಕು ಕಂಬದ ಮೇಲೆ ಕಟ್ಟಿದ ಮಂಚಿಗೆ. ಅದರ ಮೇಲೆ ಹುಲಿಗೆಮ್ಮ. ಕೈಯಲ್ಲಿ ಕವಣೆ.

"ನಾನಲೇ, ನಿಮ್ಮ ಟೀಚರ್! ಇಳಿ ಕೆಳಗ!"

"ಕುಂದರ್ರಿ ಟೀಚರ್! ಅಲ್ಲೇ ಕುಂದರ್ರಿ!"

"ಏನು?"

"ಬದುವಿನ ಹಿಂದ ಕುಂದರ್ರಿ! ಕುಂತು 'ಕುಂತೀನಿ, ಹೊಡಿ' ಅನ್ರಿ!"

ನನಗೆ ಮೈಯೆಲ್ಲ ಉರಿಯಿತು. ನಾನು ಇವಳನ್ನು ಬೈಯಲು ಬಂದರೆ ಇವಳು ನನ್ನನ್ನು ಕೂರಿಸುತ್ತಾಳೆ, ಅದೂ ಇಸ್ತ್ರಿ ಸೀರೆಯಲ್ಲಿ ಮಣ್ಣಿನ ಮೇಲೆ! ಆದರೆ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಅಷ್ಟು ದೂರದಿಂದಲೂ ಅದು ಗೊತ್ತಾಗುತ್ತಿತ್ತು. ಕುಳಿತೆ. "ಕುಂತೀನಿ, ಹೊಡಿ!" ಎಂದು ಕೂಗಿದೆ. ನನ್ನ ದನಿ ನನಗೇ ನಗೆ ತರಿಸಿತು.

ಆಮೇಲೆ ನಗು ನಿಂತಿತು. ಗಿಳಿಗಳ ದೊಡ್ಡದೊಂದು ಹಿಂಡು ಹೊಲದ ಆ ತುದಿಗೆ ಇಳಿಯುತ್ತಿತ್ತು. ಹುಲಿಗೆಮ್ಮ ಕವಣೆಯನ್ನು ತಲೆಯ ಮೇಲೆ ಸುತ್ತಿ, ಸೊಂಟ ತಿರುಗಿಸಿ ಬಿಟ್ಟಳು. ಕವಣೆಯ ಮಣ್ಣುಂಡೆ ನನ್ನ ತಲೆಯ ಮೇಲೆ ಭರ್ರೆಂದು ಹಾಯ್ದು ಹೊಲ ದಾಟಿ, ಆಚೆಯ ಹೊಲವನ್ನೂ ಅರ್ಧ ದಾಟಿ ಬಿತ್ತು. ಗಿಳಿಗಳು ಎದ್ದು ಹೋದವು. ನಾನು ಬಾಯಿ ತೆರೆದುಕೊಂಡು ಅಲ್ಲೇ ಕುಳಿತಿದ್ದೆ.

ಅವಳ ಅಪ್ಪ ತಿಮ್ಮಪ್ಪ ಕೆಂಡದಲ್ಲಿ ತೆನೆ ಸುಟ್ಟು ಎಲೆಯ ಮೇಲೆ ಹಾಕಿ ಕೊಟ್ಟ. ಬೈಯುವುದನ್ನು ಮರೆತು ತಿಂದೆ. ಅವನೇ ಹೇಳಿದ, "ತಪ್ಪು ತಿಳಕೋಬ್ಯಾಡ್ರಿ ಟೀಚರಮ್ಮ. ನಮ್ಮ ಕಡಿ ಹಂಗ. ಮುಂದ ಮನಷ್ಯಾರು ಅದಾರ ಅಂದ್ರ ಕವಣಿ ಎತ್ತಂಗಿಲ್ಲ. ಅವರು ಕುಂತು ಕೂಗಿ ಹೇಳಬೇಕು, ಆಮ್ಯಾಲ ಹೊಡೀಬೇಕು. ಸಣ್ಣಾಕಿ ಇದ್ದಾಗ ಕವಣಿ ಕಲಿಸೋಕಿಂತ ಮೊದಲ ಇದನ್ನ ಕಲಸ್ತೀವಿ."

"ಅದಿರಲಿ ತಿಮ್ಮಪ್ಪ. ಈಕಿ ಸಾಲಿ ಬಿಟ್ಟು ಹಿಂಗ ಕುಂತ್ರ ಹೆಂಗ?"

"ತೆನಿ ಗಟ್ಟಿ ಆಗೋತನಕ ಅಷ್ಟ. ಆಮ್ಯಾಲ ಕಳಸ್ತೀನಿ." ಕೆಂಡ ಕೆದಕುತ್ತ, "ಹತ್ತನೇತಿ ಮುಗೀಲಿ ಅಂತ ಕಾಯಾಕತ್ತೀವ್ರಿ. ನಮ್ಮಕ್ಕನ ಮಗ ಅದಾನ, ರೂಪನಗುಡಿಯಾಗ. ಮಾತಾಗೈತಿ" ಎಂದ. ಕೆಟ್ಟ ಮನುಷ್ಯನಲ್ಲ ಅವನು. ಆ ಊರಿನಲ್ಲಿ ಹತ್ತನೆಯ ತರಗತಿ ಎಂದರೆ ಹೆಣ್ಣುಮಕ್ಕಳ ಓದಿನ ಕೊನೆಯ ಸ್ಟಾಪು. ಮುಂದಿನ ಕಾಲೇಜು ಬಳ್ಳಾರಿಯಲ್ಲಿ, ದಿನಾ ಹುಡುಗಿಯನ್ನು ಬಸ್ಸಿಗೆ ಹತ್ತಿಸುವ ಧೈರ್ಯ ಯಾರಿಗೂ ಇರಲಿಲ್ಲ.

ವಾಪಸು ಬರುವಾಗ ಹುಲಿಗೆಮ್ಮ ಬದುವಿನ ತನಕ ಜೊತೆಗೆ ಬಂದಳು. "ನಿನಗೇನು ಆಸಿ ಐತಲೇ?" ಎಂದು ಕೇಳಿದೆ. ಬಹಳ ಹೊತ್ತು ಕಾಲ್ಬೆರಳಿಂದ ಮಣ್ಣು ಕೆದರಿದಳು.

"ನಿಮ್ಮಂಗ ಬಸ್ಸಿನಾಗ ಬರಬೇಕ್ರಿ. ಕೈಯಾಗ ಚೀಲ ಹಿಡಕೊಂಡು. ಎಲ್ಲಾರೂ ಜಾಗ ಬಿಡಬೇಕು."

ಯಾರು ಜಾಗ ಬಿಡುತ್ತಾರೆ ಮಾರಾಯ್ತಿ, ಒಂದೇ ಕಾಲಿನ ಮೇಲೆ ನಿಂತು ಬರುತ್ತೇನೆ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ಅವತ್ತು ಬಸ್ಸಿನಲ್ಲಿ ಕುಳಿತವಳಿಗೆ ತಲೆಯಲ್ಲಿ ಅದೇ ಉಂಡೆ ಹಾಯುತ್ತಿತ್ತು. ಇಷ್ಟು ದೂರ ಎಸೆಯುವ ಕೈಯನ್ನು ರೂಪನಗುಡಿಯ ಒಲೆಯ ಮುಂದೆ ಕೂರಿಸುತ್ತಾರಲ್ಲ ಎಂದು ಸಂಕಟವಾಯಿತು.

ಮರುವಾರ ನೀರಿನ ಗಡಿಗೆಗೆ ಬೇರೆ ಮುಚ್ಚಳ ತಂದು ಹಾಕಿಸಿ ಡಿಸ್ಕಸ್ಸನ್ನು ಬಿಡಿಸಿಕೊಂಡೆ. ದಿನಾ ಬೆಳಿಗ್ಗೆ ಶಾಲೆಯ ಗಂಟೆಗೆ ಮೊದಲು ಹುಲಿಗೆಮ್ಮ ಬಂದು ಎಸೆಯುವುದು, ತೆನೆ ಗಟ್ಟಿಯಾಗುವ ತನಕ ಮಾತ್ರ ಆಮೇಲೆ ಹೊಲಕ್ಕೆ ಹೋಗುವುದು ಎಂದು ತಿಮ್ಮಪ್ಪನ ಜೊತೆ ಒಪ್ಪಂದವಾಯಿತು. ನಮ್ಮಿಬ್ಬರಿಗೂ ಡಿಸ್ಕಸ್ ಗೊತ್ತಿಲ್ಲ. ಗೆದ್ದಲು ತಿಂದ ಪುಸ್ತಕವೇ ಗುರು. ಅದರಲ್ಲಿ ಒಬ್ಬ ವಿದೇಶಿ ಹೆಂಗಸು ಚಡ್ಡಿ ತೊಟ್ಟು ತಟ್ಟೆ ಹಿಡಿದು ತಿರುಗುವ ಚಿತ್ರಗಳಿದ್ದವು. ಮೂರನೆಯ ಚಿತ್ರದ ಕಾಲುಗಳನ್ನು ಗೆದ್ದಲು ತಿಂದಿತ್ತು.

"ಈಕಿ ಚೊಣ್ಣ ಹಾಕ್ಯಾಳಲ್ರಿ!" ಹುಲಿಗೆಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಚೊಣ್ಣ ನೋಡಬ್ಯಾಡ, ಕೈ ನೋಡು."

"ಕೈ ನಮ್ಮ ಕವಣಿ ಹಂಗ ಐತ್ರಿ. ಕವಣಿ ಇಲ್ಲ ಅಷ್ಟ."

ಅಷ್ಟೇ. ಅಲ್ಲಿಂದ ಮುಂದೆ ನಾನು ಕಲಿಸಿದ್ದು ಏನೂ ಇಲ್ಲ. ಸುಣ್ಣದಲ್ಲಿ ವೃತ್ತ ಹಾಕುತ್ತಿದ್ದೆ, ಕಾಲು ಹೊರಗೆ ಬಂದರೆ ಸೀಟಿ ಊದುತ್ತಿದ್ದೆ, ಸುಮ್ಮನೆ ಕೂಗಾಡುತ್ತಿದ್ದೆ. ತಟ್ಟೆಯನ್ನು ಅವಳು "ತಾಟು" ಎಂದೇ ಕರೆಯುತ್ತಿದ್ದಳು. ಮೊದಮೊದಲು ತಾಟು ಎತ್ತಿನ ಗಾಡಿಯ ಕಡೆ, ಕೊಡ ಹೊತ್ತ ಹೆಂಗಸರ ಕಡೆ ಹೋಗುವುದು ಎಂಬ ಭಯ ನನಗೆ. ಅವಳಿಗೆ ಆ ಭಯ ಇರಲಿಲ್ಲ. ಯಾರಾದರೂ ಎದುರಿಗೆ ಕಂಡರೆ ಕೈ ಇಳಿಸಿ ಅವರು ಸರಿಯುವ ತನಕ ನಿಲ್ಲುತ್ತಿದ್ದಳು. ನನ್ನ ಹಳೆಯ ಒಂದು ಸೀರೆಯಲ್ಲಿ ನಮ್ಮ ಅವ್ವ ಅವಳಿಗೆ ಪೈಜಾಮ ಹೊಲಿದುಕೊಟ್ಟಳು. ಅದನ್ನು ಹಾಕಿಕೊಂಡ ದಿನ ಊರಿನ ಮುದುಕಿಯರೆಲ್ಲ ಶಾಲೆಯ ಕಾಂಪೌಂಡಿಗೆ ಬಂದು ನೋಡಿ, "ಗಂಡುಡುಗ ಆಗ್ಯಾಳ ನೋಡು ನಮ್ಮ ಹುಲಿಗಿ" ಎಂದು ನಕ್ಕು ಹೋದರು.

ಚಳಿ ಹಿಡಿಯುವ ಹೊತ್ತಿಗೆ ಸಿರುಗುಪ್ಪದಲ್ಲಿ ಶಾಲೆಗಳ ಆಟೋಟ. ನಾವು ಎರೆಭೂಮಿಯವರು, ಒಣಬೇಸಾಯದವರು. ಸಿರುಗುಪ್ಪಕ್ಕೆ ಹೋದರೆ ಬೇರೆ ದೇಶ. ಕಾಲುವೆ, ಭತ್ತದ ಗದ್ದೆ, ಹಸಿರು, ಕೊಕ್ಕರೆ. ಹುಲಿಗೆಮ್ಮ ಬಸ್ಸಿನ ಕಿಟಕಿಯಿಂದ ಕಣ್ಣು ಕೀಳಲಿಲ್ಲ. "ಇಲ್ಲಿ ಹಕ್ಕಿ ಕಾಯಾಕ ಯಾರದಾರ್ರಿ?" ಎಂಬುದೊಂದೇ ಅವಳ ಪ್ರಶ್ನೆ. ಮೈದಾನಕ್ಕೆ ಹಿಂದಿನ ದಿನ ಎಲ್ಲಿಂದಲೋ ಕಾಲುವೆಯ ನೀರು ನುಗ್ಗಿ ಮುಂದಿನ ಭಾಗವೆಲ್ಲ ಕೆಸರು. ಅಳೆಯುವವರು ಕೆಸರಿಗೆ ಇಳಿಯಲು ಒಪ್ಪದೆ ಪಕ್ಕದ ಬದುವಿನ ಮೇಲೆ ನಿಂತರು. ಎದುರಿಗೆ ನರಪಿಳ್ಳೆ ಇಲ್ಲ. ಹುಲಿಗೆಮ್ಮ ಎಸೆದ ತಾಟು ಎಲ್ಲರ ಗುರುತು ದಾಟಿ ಹೋಗಿ ಕೆಸರಿನಲ್ಲಿ ಹುದುಗಿತು. ಅಗೆದು ತೆಗೆಯಬೇಕಾಯಿತು. ಅಲ್ಲಿದ್ದ ಡ್ರಿಲ್ ಮಾಸ್ತರುಗಳಲ್ಲಿ ಒಬ್ಬರು ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ.

ಮೊದಲು ಚಪ್ಪಾಳೆ ಹೊಡೆದ ಆ ಮೇಷ್ಟರೇ ನನಗೆ ದಾರಿ ಹೇಳಿದವರು. "ಬಳ್ಳಾರಿಯೊಳಗ ಹೆಣ್ಣುಮಕ್ಕಳ ಕಾಲೇಜಿನಾಗ ಒಬ್ರು ಆಟದ ಡೈರೆಕ್ಟರ್ ಅದಾರ, ರಾವ್ ಅಂತ. ಆಟದ ಹುಡುಗೇರಿಗೆ ಹಾಸ್ಟೆಲ್ ಸೀಟು ಕೊಡಿಸ್ತಾರ. ಆದ್ರ ಬಿಗಿ ಮನಷ್ಯ. ಹೋಗಿ ಮಾತಾಡ್ರಿ."

ತಿಮ್ಮಪ್ಪನಿಗೆ ವಿಷಯ ಹೇಳಿದೆ. ತಲೆಯ ರುಮಾಲು ಬಿಚ್ಚಿ, ಸುತ್ತಿ, ಮತ್ತೆ ಬಿಚ್ಚಿದ. ಕಡೆಗೆ, "ಹಾಸ್ಟಲ್ಲಿನಾಗ ಇಟ್ಟಕೊಂಡು, ನೋಡಿಕೊಂಡು, ಓದಿಸ್ತಾರ ಅಂದ್ರ ಓದ್ಲಿ ಬಿಡ್ರಿ. ನಮ್ಮಕ್ಕನಿಗೆ ನಾ ಹೇಳ್ತೀನಿ. ಸೀಟು ಸಿಗಲಿಲ್ಲ ಅಂದ್ರ ಮಾತ್ರ ನನ್ನ ಮ್ಯಾಲ ಸಿಟ್ಟಾಗಬಾರದು. ಮನಿಯಾಗ ಕುಂದ್ರಿಸಿಕೊಂಡು ಏನ್ ಮಾಡ್ಲಿ? ಶ್ರಾವಣದಾಗ ಅಕ್ಕಿಕಾಳು ಹಾಕಿ ಮದುವಿ ಮಾಡ್ತೀವಿ" ಎಂದ.

ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಹೆಡ್ ಮಾಸ್ತರ ಶಿಫಾರಸು ಪತ್ರ ಹಿಡಿದು ಆ ಕಾಲೇಜಿಗೆ ಹೋದೆ. ರಾವ್ ಸಾಹೇಬರು ಮೈದಾನದ ಅಂಚಿನ ಕುರ್ಚಿಯಲ್ಲಿ ಕುಳಿತಿದ್ದರು. ಅನಂತಪುರದ ಕಡೆಯವರು, ಮಡಿಕೆ ಮುರಿಯದ ಬಿಳಿ ಪ್ಯಾಂಟು, ಕತ್ತರಿಸಿದ ಮೀಸೆ. ಪತ್ರವನ್ನು ಬಿಡಿಸಿಯೂ ನೋಡಲಿಲ್ಲ.

"ಮೇಡಂ, ಎಲ್ಲ ಊರಿನ ಮೇಷ್ಟ್ರೂ ಇಂಥ ಪತ್ರ ತರ್ತಾರೆ. ಅವರವರಿಗೆ ಅವರ ಹುಡುಗಿಯೇ ಚಾಂಪಿಯನ್."

"ನಾನು ಮೇಷ್ಟ್ರಲ್ಲ ಸಾರ್, ಗಣಿತದಾಕಿ. ಕಣ್ಣಿಗೆ ಕಂಡದ್ದನ್ನ ಹೇಳ್ತೀನಿ. ನೀವು ಅಂಥ ಕೈ ನೋಡಿಲ್ಲ."

"ನೋಡಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ನೋಡಿದ್ರ ಹಿಂಗ ಕುರ್ಚಿ ಮ್ಯಾಲ ಆರಾಮ ಕುಂತಿರ್ತಿರಲಿಲ್ಲ."

ನಮ್ಮ ಅವ್ವ ಹೇಳುವಂತೆ ನನ್ನ ನಾಲಿಗೆಗೆ ಕಟ್ಟು ಇಲ್ಲ. ಆತ ಎದ್ದು ಹೋಗಬಹುದಿತ್ತು. ಹೋಗಲಿಲ್ಲ, ಮೀಸೆಯಡಿ ಚೂರು ನಕ್ಕಂತೆ ಕಂಡಿತು. "ಜೂನ್‌ನಲ್ಲಿ ಪಾಸಾಗಿ ಬರಲಿ. ಎಸೆತಗಾರರಿಗೆ ಒಂದೇ ಸೀಟು. ಮೂರು ಎಸೆತ ನೋಡ್ತೀನಿ. ಪತ್ರ ನಿಮ್ಮ ಹತ್ರಾನೇ ಇರಲಿ" ಎಂದರು.

ಪಾಸಾಗಿ ಬರಲಿ ಎಂದರೆ ಹುಡುಗಾಟವೇ? ಫೆಬ್ರವರಿ ಮಾರ್ಚ್ ಪೂರ್ತಿ ನಾನು ಹುಲಿಗೆಮ್ಮನಿಗೆ ಬೀಜಗಣಿತ ಕುಡಿಸಿದೆ. ಅವಳು ನೀರು ಕುಡಿದಂತೆ ಕುಡಿಯಲಿಲ್ಲ, ಕಷಾಯ ಕುಡಿದಂತೆ ಕುಡಿದಳು. "ಎಕ್ಸ್ ಅಂದ್ರ ಯಾರಂತ ಗೊತ್ತಿಲ್ಲಲ್ರಿ, ಅವರ ಮನಿ ಬದುಕು ನಮಗ್ಯಾಕ್ರಿ" ಎನ್ನುತ್ತಿದ್ದಳು. ನಗುತ್ತಿದ್ದೆ, ಮರುಗಳಿಗೆ ಬೈಯುತ್ತಿದ್ದೆ. ಬಿಸಿಲು ಏರಿತು. ಗುಡ್ಡದ ಬಂಡೆ ಮುಟ್ಟಿದರೆ ಸುಡುತ್ತಿತ್ತು. ಪರೀಕ್ಷೆ ಬಂತು, ಹೋಯಿತು. ಫಲಿತಾಂಶದ ದಿನ ನನ್ನ ಎದೆ ಬಡಿದುಕೊಂಡಷ್ಟು ನನ್ನ ಸ್ವಂತ ಬಿ.ಎಸ್ಸಿ.ಗೂ ಬಡಿದುಕೊಂಡಿರಲಿಲ್ಲ. ಗಣಿತದಲ್ಲಿ ಗಡಿಯ ಮೇಲೆ ಕಾಲಿಟ್ಟು ದಾಟಿದ್ದಳು. ಸಾಕು, ದಾಟಿದಳಲ್ಲ! ಹೆಡ್ ಮಾಸ್ತರು ಎಲ್ಲರಿಗೂ ಪೇಡೆ ಹಂಚಿದರು.

ಎಸೆತ ನೋಡುವ ದಿನ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಬಸ್ಸಿನಿಂದ ಇಳಿದ ತಿಮ್ಮಪ್ಪ ಹೊಸ ಧೋತರ ಉಟ್ಟಿದ್ದ. ಹುಲಿಗೆಮ್ಮ ನನ್ನ ಸೀರೆಯ ಪೈಜಾಮದಲ್ಲಿ. ಕಾಲೇಜಿನ ಮೈದಾನದಲ್ಲಿ ಇನ್ನೂ ಕೆಲವು ಹುಡುಗಿಯರಿದ್ದರು, ಬೂಟು ಹಾಕಿದವರು, ಒಬ್ಬರಿಗೊಬ್ಬರು ಗೊತ್ತಿದ್ದವರು. ನಮ್ಮವಳು ಬರಿಗಾಲು. ತಿಮ್ಮಪ್ಪ ಬೇವಿನ ಮರದ ಕೆಳಗೆ ಕುಕ್ಕರುಗಾಲಲ್ಲಿ ಕುಳಿತ. ನಾನು ವೃತ್ತದ ಹತ್ತಿರ ನಿಂತೆ.

ರಾವ್ ಅವರದು ಒಂದು ಪದ್ಧತಿ. ಎಸೆಯುವ ಹುಡುಗಿಯ ಎದುರಿಗೆ, ಮೈದಾನದ ನಟ್ಟನಡುವೆ, ದೂರದಲ್ಲಿ ನಿಲ್ಲುತ್ತಿದ್ದರು. ಎದುರಿಂದ ನೋಡಿದರೆ ಮಾತ್ರ ಕೈ ಬಿಡುವ ಗಳಿಗೆ ತಿಳಿಯುತ್ತದೆ ಎಂದು ಅವರ ಲೆಕ್ಕ. ತಾವು ನಿಂತ ಜಾಗದ ತನಕ ಯಾವ ಹುಡುಗಿಯ ತಟ್ಟೆಯೂ ಬರುವುದಿಲ್ಲ ಎನ್ನುವುದು ಅನುಭವ. ಅವರ ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದ ಇಬ್ಬರು ಕಾಲೇಜು ಹುಡುಗಿಯರು. ಬೂಟಿನ ಹುಡುಗಿಯರು ಒಬ್ಬೊಬ್ಬರಾಗಿ ಎಸೆದರು. ತಟ್ಟೆ ರಾವ್ ಅವರಿಗಿಂತ ಬಹಳ ಈಚೆಗೇ ಬೀಳುತ್ತಿತ್ತು. ನಾನು ಒಳಗೊಳಗೇ ಕುಣಿಯುತ್ತಿದ್ದೆ. ನಮ್ಮವಳ ಮುಂದೆ ಇವರು ಯಾವ ಲೆಕ್ಕ!

ಹುಲಿಗೆಮ್ಮ ವೃತ್ತಕ್ಕೆ ಬಂದಳು. ತಾಟು ಹಿಡಿದಳು. ಎದುರಿಗೆ ನೋಡಿದಳು. ನಿಂತಳು. ಮೆಲ್ಲಗೆ "ಹೋ…ಯ್" ಎಂದಳು. ಕಾಲೇಜಿನ ಹುಡುಗಿಯರು ಕಿಸಕ್ಕೆಂದು ನಕ್ಕರು. ಎದುರಿನಿಂದ ಉತ್ತರವಿಲ್ಲ. ಅವಳು ತಿರುಗಿ ಎಸೆದಳು. ತಾಟು ಎಡಕ್ಕೆ ಹೋಗಿ ಕಾಂಪೌಂಡ್ ಗೋಡೆಗೆ ಬಡಿಯಿತು. ಲೆಕ್ಕಕ್ಕಿಲ್ಲ.

ಹೆದರಿರಬೇಕು ಎಂದುಕೊಂಡೆ. "ಧೈರ್ಯಲೇ ಹುಲಿಗಿ!" ಎಂದು ಕೂಗಿದೆ. ಎರಡನೆಯದು ನೇರ ಹೋಯಿತು, ಆದರೆ ಮಗು ಚೆಂಡು ಎಸೆದಂತೆ ನಾಲ್ಕು ಮಾರು ಮುಂದೆ ಬಿದ್ದು ಉರುಳಿತು. ರಾವ್ ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕನಿಕರ ಇತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೇವಿನ ಮರದ ಕೆಳಗೆ ತಿಮ್ಮಪ್ಪ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಶ್ರಾವಣಕ್ಕೆ ಇನ್ನು ಎಷ್ಟು ದಿನ!

ಓಡಿ ಹೋಗಿ ಅವಳ ಭುಜ ಹಿಡಿದೆ. "ಏನಾಗೈತಲೇ ನಿನಗ? ಯಾಕ ಹಿಂಗ ಮಾಡಾಕತ್ತಿ?"

ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಮುಂದ ಮಂದಿ ಅದಾರಲ್ರಿ ಟೀಚರ್. ಕೂಗಿದೆ. ಕುಂದ್ರವಲ್ರು."

ಶಿವನೇ! ನನ್ನ ಕೈ ಅವಳ ಭುಜದಿಂದ ತಾನಾಗಿಯೇ ಇಳಿಯಿತು. ಇದು ನನಗೆ ಹೊಳೆಯಲೇ ಇಲ್ಲವಲ್ಲ. ಬದುವಿನ ಹಿಂದೆ ಕುಳಿತು ಕೂಗಿದವಳು ನಾನೇ. ಸೀದಾ ಮೈದಾನದ ನಡುವೆ ರಾವ್ ಅವರ ಹತ್ತಿರ ನಡೆದೆ, ಹುಲಿಗೆಮ್ಮ ಹಿಂದೆ ಹಿಂದೆ ಬಂದಳು.

"ಸಾರ್, ನೀವು ಪಕ್ಕಕ್ಕೆ ಸರಿದು ನಿಂತ್ರ ಈಕಿ ಎಸೀತಾಳ."

"ಯಾಕೆ?"

"ಎದುರಿಗೆ ಮನಷ್ಯಾರು ಇದ್ರ ಈಕಿ ಎಸಿಯಂಗಿಲ್ಲ."

"ಮೇಡಂ, ಇಷ್ಟು ವರ್ಷದಿಂದ ನಾನು ಇಲ್ಲೇ ನಿಲ್ತೀನಿ. ಒಬ್ಬ ಹುಡುಗಿಯ ಡಿಸ್ಕಸ್ಸೂ ನನ್ನ ತನಕ ಬಂದಿಲ್ಲ. ಭಯ ಬೇಡ ಅನ್ನಿ ಆಕೆಗೆ. ಮುಟ್ಟೋದಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮ ಮಾತಾಡಿದಳು. ತಲೆ ತಗ್ಗಿಸಿಕೊಂಡೇ, ನೆಲ ನೋಡಿಕೊಂಡೇ.

"ನಂದು ಮುಟ್ಟತೈತ್ರಿ ಸಾರ್."

ಆ ಮಾತಿನಲ್ಲಿ ಜಂಬ ಇರಲಿಲ್ಲ. ಬಾವಿ ಆಳ ಐತಿ, ಹುಷಾರು ಎಂದು ದಾರಿಯವರಿಗೆ ಹೇಳುವ ದನಿ ಅದು. ರಾವ್ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು, ಬರಿಗಾಲಿನಿಂದ ತಲೆಯ ತನಕ. ಅವಳ ಬಲಗೈಯನ್ನು ನೋಡಿದರು.

"ಹಾಗಾದ್ರೆ ನಾನೇನು ಮಾಡಬೇಕಮ್ಮ?"

ಅಷ್ಟರಲ್ಲಿ ತಿಮ್ಮಪ್ಪ ಬಂದಿದ್ದ. ಸಾಹೇಬರು ತೆಲುಗಿನವರು ಎಂದು ಅವನಿಗೆ ಮಾತಿನ ಧಾಟಿಯಿಂದಲೇ ತಿಳಿದಿತ್ತು. ಕೈ ಮುಗಿದು, "ಒಕ್ಕ ನಿಮಿಷಂ ಕೂರ್ಚೋಂಡಿ ಸಾರ್" ಎಂದ, ಒಂದು ನಿಮಿಷ ಕುಳಿತುಕೊಳ್ಳಿ ಅಂತ. ನೆಲ ಸಮ ಮಾಡಲು ಎಳೆಯುವ ದೊಡ್ಡ ಕಲ್ಲಿನ ರೋಲರು ಅಲ್ಲೇ ಸ್ವಲ್ಪ ಹಿಂದೆ ಬಿದ್ದಿತ್ತು. ಅದನ್ನು ತೋರಿಸಿದ. ಅದರ ಮರೆಯಲ್ಲಿ ಕುಳಿತು, ಕೂಗಿ ಹೇಳಬೇಕು, ಆಗ ಮಗಳು ಎಸೆಯುತ್ತಾಳೆ, ನಮ್ಮ ಹೊಲದಲ್ಲಿ ಹೀಗೆ ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬಿಡಿಸಿ ಹೇಳಿದ. ಪಟ್ಟಿ ಹಿಡಿದ ಹುಡುಗಿಯರು ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ರಾವ್ ನಗಲಿಲ್ಲ. ಬಿಳಿ ಪ್ಯಾಂಟನ್ನು ಮೊಣಕಾಲಿನ ಹತ್ತಿರ ಚೂರು ಎತ್ತಿಕೊಂಡು ರೋಲರಿನ ಹಿಂದೆ ಮಣ್ಣಿನಲ್ಲಿ ಕುಕ್ಕರಿಸಿದರು. ಹುಡುಗಿಯರಿಗೂ ಕೂರುವಂತೆ ಕೈ ಮಾಡಿದರು. ತಿಮ್ಮಪ್ಪನೂ ಅವರ ಪಕ್ಕದಲ್ಲೇ ಕುಳಿತ. ನಾನು ವೃತ್ತದ ಹಿಂದಕ್ಕೆ ಓಡಿದೆ. ಆ ಮನುಷ್ಯನ ಮೇಲೆ ನನಗೆ ಆ ಗಳಿಗೆಯಲ್ಲಿ ಬಂದ ಗೌರವ ಇವತ್ತಿಗೂ ಹೋಗಿಲ್ಲ.

ಹುಲಿಗೆಮ್ಮ ವೃತ್ತಕ್ಕೆ ಮರಳಿ, ಕಣ್ಣೊರೆಸಿಕೊಂಡು ತಾಟು ಎತ್ತಿದಳು. ಈ ಸಲ ನಾಚಿಕೊಳ್ಳಲಿಲ್ಲ. ಗಂಟಲು ಬಿಟ್ಟು ಕೂಗಿದಳು.

"ಹೋ…ಯ್! ಯಾರದೀರಿ?"

ರೋಲರಿನ ಹಿಂದಿನಿಂದ ತಿಮ್ಮಪ್ಪ ಏನೋ ಹೇಳಿಕೊಟ್ಟದ್ದು ಕೇಳಿಸಿತು. ಅದರ ಹಿಂದೆಯೇ ರಾವ್ ಸಾಹೇಬರ ಗಟ್ಟಿ ದನಿ, ತೆಲುಗು ಧಾಟಿಯ ಕನ್ನಡದಲ್ಲಿ:

"ಕುಂತೀನಮ್ಮಾ! ಹೊಡಿ!"

ಅವಳು ತಿರುಗಿದಳು. ನಾನು ಕಣ್ಣು ಮುಚ್ಚಿಕೊಂಡುಬಿಟ್ಟೆ, ನೋಡುವ ಧೈರ್ಯ ಸಾಲಲಿಲ್ಲ. ಬೂಟಿನ ಹುಡುಗಿಯರ ಕಡೆಯಿಂದ "ಅಯ್ಯಯ್ಯೋ" ಎಂಬ ಉದ್ಗಾರ ಬಂದಾಗ ಕಣ್ಣು ತೆರೆದೆ. ತಾಟು ರಾವ್ ಮೊದಲು ನಿಂತಿದ್ದ ಜಾಗವನ್ನು ದಾಟಿ, ರೋಲರನ್ನೂ ದಾಟಿ, ಅದರ ಆಚೆ ಮಣ್ಣು ಹಾರಿಸಿ ಬಿತ್ತು.

ಹುಲಿಗೆಮ್ಮನ ಕಾಲು ವೃತ್ತದ ಒಳಗೇ ಇತ್ತು. ಸರಿಯಾಗಿ ಹಿಂದಿನ ಅರ್ಧದಿಂದ ಹೊರಗೆ ಬಂದಳು, ನಾನು ಸೀಟಿ ಊದಿ ಊದಿ ಕಲಿಸಿದಂತೆ. ಬಂದವಳೇ ಓಟ ಕಿತ್ತಳು. ಎಲ್ಲರೂ ತಾಟು ಬಿದ್ದ ಕಡೆ ಓಡುತ್ತಿದ್ದರು. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ. ರೋಲರಿನ ಹತ್ತಿರ ಹೋಗಿ ಏದುಸಿರು ಬಿಡುತ್ತ ಬಗ್ಗಿ ನೋಡಿದಳು.

"ಹತ್ತಲಿಲ್ಲಲ್ರಿ ಸಾರ್? ಯಾರಿಗೂ ಹತ್ತಲಿಲ್ಲಲ್ರಿ?"

ರಾವ್ ಇನ್ನೂ ಕುಳಿತೇ ಇದ್ದರು. ತಾಟು ಬಿದ್ದ ಗುಂಡಿಯನ್ನು ನೋಡಿದರು, ಈ ಹುಡುಗಿಯ ಮುಖವನ್ನು ನೋಡಿದರು. ನಾನು ಅಷ್ಟರಲ್ಲಿ ಅಲ್ಲಿಗೆ ಮುಟ್ಟಿದ್ದೆ. ಪಟ್ಟಿ ಹಿಡಿದ ಹುಡುಗಿ "ಅಳೀಬೇಕಾ ಸಾರ್?" ಎಂದಳು. ಅವರು ಬೇಡವೆಂದು ಕೈ ಆಡಿಸಿದರು.

"ಇಲ್ಲಮ್ಮ, ಯಾರಿಗೂ ಹತ್ತಲಿಲ್ಲ," ಎಂದು ಎದ್ದು ನಿಂತರು. "ಸೋಮವಾರ ಹಾಸಿಗೆ ತಗೊಂಡು ಹಾಸ್ಟೆಲಿಗೆ ಬಾ."

ಹುಲಿಗೆಮ್ಮನಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದಳು. ತಿಮ್ಮಪ್ಪನಿಗೆ ಅರ್ಥವಾಯಿತು. ಕುಳಿತಲ್ಲಿಂದ ಏಳಲು ರೋಲರು ಹಿಡಿದುಕೊಂಡ, ಎದ್ದ, ನನ್ನ ಹತ್ತಿರ ಬಂದು ಸಾಹೇಬರಿಗೆ ಕೇಳಿಸದಂತೆ ದನಿ ತಗ್ಗಿಸಿದ.

"ಟೀಚರಮ್ಮ, ಹಾಸಿಗಿ ಅಂದ್ರ… ನಮ್ಮನ್ಯಾಗ ಇರೋದು ಕಂಬಳಿ. ಕಂಬಳಿ ನಡೀತೈತೇನ್ರಿ?"

"ನಡೀತೈತಿ ತಿಮ್ಮಪ್ಪ," ಎಂದೆ. "ಕಂಬಳಿ ನಡೀತೈತಿ."